ಕೋಸಿನ ಎಲೆ ಮೇಲೆ ಹನಿ ಯಾಕೆ ನಿಲ್ಲಲ್ಲ: ಮೊಬೈಲ್‌ನಲ್ಲಿ ಅಳೆದು ನೋಡಿದ ನನ್ನ ಅನುಭವ

ಮಾಲೂರು ಕಡೆ ಕೋಸು ಬೆಳೆಯೋರಿಗೆಲ್ಲ ಗೊತ್ತಿರೋ ವಿಷ್ಯ, ಔಷಧಿನ ಬರೀ ನೀರಲ್ಲಿ ಕಲಸಿ ಹೊಡುದ್ರೆ ಎಲೆ ಮೇಲೆ ನಿಲ್ಲಲ್ಲ, ಗುಂಡಗಾಗಿ ಉರುಳ್ಕೊಂಡು ಸಾಲಿಗೆ ಬೀಳುತ್ತೆ. ಅದಕ್ಕೇ ಎಲ್ರೂ ಟ್ಯಾಂಕಿಗೆ ಗಮ್, ಅಂದ್ರೆ ಔಷಧಿ ನೀರು ಎಲೆ ಮೇಲೆ ಹರಡಿ ಅಂಟ್ಕೊಳ್ಳೋಕೆ ಸೇರಿಸೋ ದ್ರವ, ಹಾಕೋದು. ನಮ್ಮ ಚಿಕ್ಕಪ್ಪ ಅಂತೂ "ಗಮ್ ಇಲ್ದೆ ಹೊಡುದ್ರೆ ಹುಳಕ್ಕಲ್ಲ ಕಣೋ, ಭೂಮಿಗೆ ಔಷಧಿ ಕುಡಿಸ್ದಂಗೆ" ಅಂತಿರ್ತಾರೆ. ನಾನು ಬಿಎಸ್ಸಿಲಿ ಫಿಸಿಕ್ಸ್ ಓದಿ ಆಮೇಲೆ ತೋಟಕ್ಕೆ ಇಳಿದೋನು, ಪಕ್ಕದ ಬೀನ್ಸ್ ಎಲೆ ಮೇಲೆ ಇಷ್ಟು ಉರುಳದ ನೀರು ಇಲ್ಲಿ ಯಾಕೆ ಹಿಂಗೆ ಆಡುತ್ತೆ ಅಂತ ತಲೇಲಿ ಕೊರೀತಾನೇ ಇತ್ತು, ಸರಿ ಅಳೆದೇ ನೋಡೋಣ ಅಂತ ಕೂತೆ.

ಇದಕ್ಕೆ ಲ್ಯಾಬ್ ಬೇಕಾಗಿಲ್ಲ. ಇನ್ಸುಲಿನ್ ಸಿರಿಂಜ್ ತಗೊಳ್ಳಿ, ಯು-100 ಅಂತ ಬರೆದಿರೋದು, ಅದ್ರಲ್ಲಿ ಒಂದು ಯೂನಿಟ್ ಅಂದ್ರೆ 10 ಮೈಕ್ರೋಲೀಟರ್. ಅಷ್ಟೇ ಹನಿ ಸಾಕು, ದೊಡ್ಡದಾದ್ರೆ ತನ್ನ ಭಾರಕ್ಕೇ ಚಪ್ಪಟೆಯಾಗಿ ಅಳತೆ ಕೆಡುತ್ತೆ. ಮೊಬೈಲ್‌ಗೆ ಕ್ಲಿಪ್ ಹಾಕೋ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ, ಹನಿ ಇರೋ ಮಟ್ಟಕ್ಕೇ ಕ್ಯಾಮೆರಾ ಇಳಿಸಿ ಪಕ್ಕದಿಂದ ಫೋಟೋ ತೆಗೀಬೇಕು, ಮೇಲಿಂದ ಅಲ್ಲ. ಹಿಂದೆ ಬಿಳಿ ಹಾಳೆ, ಅದರ ಹಿಂದೆ ಟಾರ್ಚ್. ಫೋಟೋದಲ್ಲಿ ಹನಿಯ ಎತ್ತರ ಮತ್ತೆ ಅದು ಕೆಳಗೆ ತಾಗಿರೋ ಅಗಲ ಅಳೆಯಿರಿ, ಎತ್ತರನ ಅಗಲದ ಅರ್ಧದಿಂದ ಭಾಗಿಸಿದ್ರೆ ಬರೋದು ಕೋನದ ಅರ್ಧದ ಟ್ಯಾನ್, ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿ ಸಿಗೋ ಕೋನನ ಡಬಲ್ ಮಾಡಿದ್ರೆ ಕಾಂಟ್ಯಾಕ್ಟ್ ಆಂಗಲ್, ಅಂದ್ರೆ ಹನಿಯ ಅಂಚು ಮೇಲ್ಮೈಗೆ ತಾಗೋ ಕಡೆ ನೀರಿನೊಳಗಿರೋ ಕೋನ. 90 ಡಿಗ್ರಿಗಿಂತ ಕಮ್ಮಿ ಇದ್ರೆ ಆ ಜಾಗಕ್ಕೂ ನೀರಿಗೂ ಹೊಂದುತ್ತೆ, ಜಾಸ್ತಿ ಇದ್ರೆ ಹೊಂದಲ್ಲ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಕೊಳ್ಳಿ.

ಮೊದ್ಲು ಗಾಜಿನ ಮೇಲೆ ಮೇಣದಬತ್ತಿ ಕರಗಿಸಿ ನುಣ್ಣಗೆ ಹರಡಿ ಹನಿ ಇಟ್ಟೆ, 105ರ ಆಸುಪಾಸು ಬಂತು. ಕೋಸಿನ ಎಲೆ ಮೇಲಿರೋದೂ ಒಂಥರಾ ಮೇಣಾನೇ, ಆದ್ರೆ ಎಲೆ ಮೇಲೆ 140 ದಾಟುತ್ತೆ. ಎರಡೂ ಕಡೆ ಮೇಣಾನೇ ಅಂದ್ಮೇಲೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಎಲೆ ಮೇಲೆ ಬೂದಿ ಥರ ಕಾಣುತ್ತಲ್ಲ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಹರಳುಗಳು, ಅಂದ್ರೆ ಮೇಲ್ಮೈ ನುಣುಪಲ್ಲ, ಒರಟು. ಹೆಬ್ಬೆಟ್ಟಲ್ಲಿ ಆ ಬೂದಿ ಉಜ್ಜಿ ತೆಗೆದು ಅದೇ ಜಾಗಕ್ಕೆ ಹನಿ ಇಟ್ರೆ ಸುಮ್ನೆ ಕೂತ್ಕೊಳ್ಳುತ್ತೆ, ಎಲೆ ಓರೆ ಮಾಡಿದ್ರೂ ಜಾರಲ್ಲ. ಎಲೆ ಅದೇ, ನೀರೂ ಅದೇ, ಹೋಗಿದ್ದು ಒರಟುತನ ಮಾತ್ರ.

ಹಂಗಂತ ಒರಟಾಗಿದ್ರೆ ನೀರು ಓಡಿಹೋಗುತ್ತೆ ಅನ್ಕೋಬೇಡಿ. ನಮ್ಮ ಮಾಲೂರು ಹೆಂಚು ಒರಟೇ ತಾನೆ, ಹನಿ ಹಾಕಿ ನೋಡಿ, ಫೋಟೋ ತೆಗೆಯೋಕೂ ಬಿಡಲ್ಲ, ಕುಡಿದುಬಿಡುತ್ತೆ. ಹೆಂಚಿಗೆ ತೂತುಗಳಿವೆ, ಅದು ಬೇರೆ ಕತೆ ಅಂತೀರಾ, ಸರಿ ಗಾಜು ತಗೊಳ್ಳಿ. ಗಾಜನ್ನ ಉಪ್ಪು ಕಾಗದದಲ್ಲಿ ಚೆನ್ನಾಗಿ ತಿಕ್ಕಿ ತೊಳೆದು ಹನಿ ಇಟ್ರೆ ನುಣ್ಣನೆ ಗಾಜಿಗಿಂತ ಜಾಸ್ತಿ ಹರಡುತ್ತೆ. ಗ್ಯಾಸ್ಕೆಟ್ ಅಂಗಡಿಯಿಂದ ಟೆಫ್ಲಾನ್ ಶೀಟ್ ತುಂಡು ತಂದು 240 ನಂಬರ್ ಉಪ್ಪು ಕಾಗದದಲ್ಲಿ ತಿಕ್ಕಿದ್ರೆ ಉಲ್ಟಾ, 110 ಇದ್ದ ಕೋನ 150ರ ಹತ್ರ ಹೋಗುತ್ತೆ, ಹನಿ ನಿಲ್ಲೋದೇ ಕಷ್ಟ.

ಇದನ್ನ 1936ರಲ್ಲೇ ವೆಂಜೆಲ್ ಅನ್ನೋರು ಒಂದೇ ಸಾಲಲ್ಲಿ ಹೇಳಿದಾರೆ, ನುಣುಪು ಮೇಲ್ಮೈಯ ಕೋನದ ಕೊಸೈನ್‌ನ ಒರಟುತನದ ಅಂಕಿಯಿಂದ ಗುಣಿಸಿದ್ರೆ ಒರಟು ಮೇಲ್ಮೈಯ ಕೋನದ ಕೊಸೈನ್ ಸಿಗುತ್ತೆ ಅಂತ. ಉಬ್ಬುತಗ್ಗು ಎಲ್ಲ ಸೇರಿ ನಿಜವಾದ ಮೇಲ್ಮೈ ಒಂದೂವರೆ ಪಟ್ಟು ಇದೆ ಅನ್ಕೊಳ್ಳಿ, ಆಗ ಆ ಅಂಕಿ ಒಂದೂವರೆ, 60 ಇದ್ದ ಕೋನ 41ಕ್ಕೆ ಇಳಿಯುತ್ತೆ, 110 ಇದ್ದದ್ದು 121ಕ್ಕೆ ಏರುತ್ತೆ. ಅಂದ್ರೆ ಒರಟುತನ ಹೊಸದಾಗಿ ಏನೂ ಕೊಡಲ್ಲ, ಇರೋ ಗುಣಾನೇ ಜಾಸ್ತಿ ಮಾಡುತ್ತೆ. ಆದ್ರೆ 150 ಬರೋಕೆ ಇಷ್ಟು ಸಾಲದು. ಅಲ್ಲಿ ಹನಿ ತಗ್ಗಿನೊಳಗೆ ಇಳಿಯೋದೇ ಇಲ್ಲ, ಉಬ್ಬುಗಳ ತುದಿ ಮೇಲೆ ನಿಂತಿರುತ್ತೆ, ಕೆಳಗೆಲ್ಲ ಗಾಳಿ. 1944ರಲ್ಲಿ ಕ್ಯಾಸಿ ಮತ್ತೆ ಬ್ಯಾಕ್ಸ್‌ಟರ್ ಕೊಟ್ಟ ಲೆಕ್ಕ ಇದು, ಹನಿಯ ತಳದಲ್ಲಿ ಐದನೇ ಒಂದು ಭಾಗ ಮಾತ್ರ ಮೇಲ್ಮೈಗೆ ತಾಗಿದ್ರೆ 110 ಇದ್ದದ್ದು ಸರಿಯಾಗಿ 150 ಆಗುತ್ತೆ.

ಕೋನ ಜಾಸ್ತಿ ಬಂದ ತಕ್ಷಣ ಹನಿ ಉರುಳುತ್ತೆ ಅಂತಲೂ ಇಲ್ಲ. ಗುಲಾಬಿ ದಳದ ಮೇಲೆ ಹನಿ ಚೆಂದಾಗಿ ಗುಂಡಗಿರುತ್ತೆ, ಆದ್ರೆ ದಳ ತಲೆಕೆಳಗು ಮಾಡಿದ್ರೂ ಬೀಳಲ್ಲ, ಯಾಕಂದ್ರೆ ದೊಡ್ಡ ಉಬ್ಬುಗಳ ಸಂದಿಗೆ ನೀರು ಇಳಿದು ಹಿಡ್ಕೊಂಡಿರುತ್ತೆ. ಹಂಗಾಗಿ ಫೋಟೋ ಒಂದೇ ನಂಬ್ಕೊಂಡು ಕೂರ್ಬೇಡಿ, ಓರೆ ಮಾಡಿನೂ ನೋಡಿ.

ಈಗ ಗಮ್ ವಿಷ್ಯ. ನೀರಿನ ಮೇಲ್ಮೈ ಎಳೆತ, ಅಂದ್ರೆ ಹನಿನ ಗುಂಡಗೆ ಹಿಡಿದಿಡೋ ಬಲ, ಮೀಟರಿಗೆ 72 ಮಿಲಿನ್ಯೂಟನ್, ಗಮ್ ಅದನ್ನ 30ರ ಆಸುಪಾಸಿಗೆ ಇಳಿಸುತ್ತೆ, ಸಿಲಿಕೋನ್ ಥರದ್ದು ಇನ್ನೂ ಕೆಳಗೆ. ಆಗ ಮೇಣಕ್ಕೂ ನೀರಿಗೂ ಇರೋ ಕೋನ 90 ದಾಟಿ ಕೆಳಗೆ ಬರುತ್ತೆ, ಬಂದ ಮೇಲೆ ಅದೇ ಬೂದಿ, ಅಲ್ಲಿವರೆಗೂ ನೀರನ್ನ ಹೊರಗೆ ತಳ್ತಿದ್ದದ್ದು, ಈಗ ಒಳಗೆಳೆದು ಹರಡಿಸುತ್ತೆ. ಫೋಟೋದಲ್ಲಿ ನೋಡಿದ್ರೆ ನಂಬಕ್ಕಾಗಲ್ಲ, ಗುಂಡು ಹನಿ ಕಣ್ಣೆದುರೇ ಚಪ್ಪಟೆ ಆಗೋಗುತ್ತೆ.

ಆದ್ರೆ ಅಂಗಡಿಯೋರು ಹೇಳಿದ್ರು ಅಂತ ಡಬಲ್ ಗಮ್ ಹಾಕೋದು ದಂಡ. ಒಂದು ಹಂತ ದಾಟಿದ್ಮೇಲೆ ಎಷ್ಟು ಸುರಿದ್ರೂ ಎಳೆತ ಇಳಿಯಲ್ಲ, ನೊರೆ ಮಾತ್ರ ಬರುತ್ತೆ, ನೀರು ತೀರಾ ತೆಳ್ಳಗೆ ಹರಡಿ ಅಂಚಿಂದ ಸೋರಿ ಹೋಗುತ್ತೆ. ನಾನು ಟ್ಯಾಂಕ್ ತುಂಬಿ ಔಷಧಿ ಕಲಸಿದ ಮೇಲೆ ಕೊನೇಲಿ ಗಮ್ ಹಾಕ್ತೀನಿ, ಲೇಬಲ್ ಮೇಲಿರೋ ಅಳತೇಲಿ ಕಮ್ಮಿ ಕಡೆಯಿಂದ ಶುರು ಮಾಡಿ ಗ್ಲೌಸ್ ಹಾಕಿ ಬೂದಿ ಅಳಿಸದ ಹಾಗೆ ಒಂದು ಎಲೆ ಕಿತ್ತು ಅದರ ಮೇಲೊಂದು ಹನಿ ಇಟ್ಟು ನೋಡ್ತೀನಿ. ಹರಡಿತು ಅಂದ್ರೆ ಅಲ್ಲಿಗೇ ನಿಲ್ಲಿಸಿ ಸ್ಪ್ರೇಯರ್ ಹೆಗಲಿಗೇರಿಸ್ತೀನಿ, ಬೀನ್ಸ್ ಸಾಲಿಗಂತೂ ಇನ್ನೂ ಕಮ್ಮಿ ಸಾಕು.