ಭಾನುವಾರ ಬೆಳಿಗ್ಗೆ ಎಂಟಕ್ಕೆ ಸಾಕ್ಷ್ಯಚಿತ್ರ: ಹಾಸನದಲ್ಲಿ ನನ್ನ ಅನುಭವ

ಹಾಸನದ ಒಂದು ಹಳೆಯ ಚಿತ್ರಮಂದಿರದಲ್ಲಿ ನಾನು ಮತ್ತು ಮೂವರು ಗೆಳೆಯರು ಎರಡು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ 8 ಗಂಟೆಗೆ ಸಾಕ್ಷ್ಯಚಿತ್ರ ತೋರಿಸುತ್ತಿದ್ದೇವೆ. ದಿನದ ನಾಲ್ಕೂ ಆಟಗಳು ವಿತರಕರ ಪಾಲಾಗಿರುವುದರಿಂದ ಮಾಲೀಕರು ನಮಗೆ ಕೊಡಬಹುದಾಗಿದ್ದದ್ದು ಹತ್ತೂವರೆಯ ಮಾರ್ನಿಂಗ್ ಶೋಗೆ ಮುಂಚಿನ ಹೊತ್ತು ಮಾತ್ರ. ಅದೇ ಅನುಕೂಲವಾಯಿತು, ಆಲೂರು, ಸಕಲೇಶಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಚಿತ್ರ ನೋಡಿ, ಪೇಟೆಯ ಕೆಲಸ ಮುಗಿಸಿಕೊಂಡು ಮಧ್ಯಾಹ್ನಕ್ಕೆ ಊರು ಸೇರಬಹುದು. 1948ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಚಿತ್ರನಿರ್ಮಾಣ ಸಂಸ್ಥೆ ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವುದು ದಶಕಗಳ ಕಾಲ ಕಡ್ಡಾಯವಾಗಿತ್ತಾದ್ದರಿಂದ, ಹಿರಿಯರಾದ ಮಾಲೀಕರಿಗೆ ಸಾಕ್ಷ್ಯಚಿತ್ರವೆಂದರೇನೆಂದು ನಾವು ವಿವರಿಸಬೇಕಾಗಲಿಲ್ಲ.

ಮೊದಲ ವಾರ 14 ಜನ ಬಂದರು, ಎರಡನೆಯ ವಾರ 9. ಹೊರಗೆ ಹೋಗುವಾಗ ಕಾಫಿ ತೋಟದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು, "ಚಿತ್ರ ಚೆನ್ನಾಗಿತ್ತು ಅಣ್ಣಾ, ಅವ್ರು ಏನಂದ್ರು ಅಂತ ಮಾತ್ರ ಗೊತ್ತಾಗ್ಲಿಲ್ಲ" ಎಂದರು. ಮಾತು ಮಲಯಾಳದಲ್ಲಿತ್ತು, ಕೆಳಗಿನ ಅಕ್ಷರ ಇಂಗ್ಲಿಷಿನಲ್ಲಿತ್ತು. ಅಂದಿನಿಂದ ನಿರ್ದೇಶಕರ ಒಪ್ಪಿಗೆ ಪಡೆದು ಕನ್ನಡ ಸಬ್‌ಟೈಟಲ್ ನಾವೇ ಬರೆಯತೊಡಗಿದೆವು. ವಾರದ ಶ್ರಮದಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಉದ್ದನೆಯ ಮಾತನ್ನು ಎರಡು ಸಬ್‌ಟೈಟಲ್‌ಗಳಿಗೆ ಹಂಚಿದರೆ, ಪರದೆಯ ಮೇಲಿನ ಮುಖ ಅತ್ತು ಮುಗಿಸಿದ ಮೇಲೆ ಅಳುವಿನ ಕಾರಣ ಓದುಗರಿಗೆ ಸಿಗುತ್ತದೆ. ಆದ್ದರಿಂದ ಒಂದು ಮಾತನ್ನು ಎರಡು ಮೂರು ಪುಟ್ಟ ವಾಕ್ಯಗಳಾಗಿ ಒಡೆದು, ಪ್ರತಿಯೊಂದೂ ತನ್ನಷ್ಟಕ್ಕೆ ಅರ್ಥವಾಗುವಂತೆ ಬರೆಯುತ್ತೇವೆ. ಇನ್ನೊಂದು ತೊಡಕು ಒತ್ತಕ್ಷರದ್ದು. ಪ್ರತ್ಯೇಕ ಕಡತವಾಗಿ ಕೊಟ್ಟ ಸಬ್‌ಟೈಟಲನ್ನು ಚಿತ್ರಮಂದಿರದ ಸರ್ವರ್ ಸರಿಯಾಗಿ ಜೋಡಿಸದೆ 'ಕಷ್ಟ' ಎಂಬುದನ್ನು 'ಕಷ್‌ಟ' ಎಂದು ತೋರಿಸಿತು. ಈಗ ಅಕ್ಷರಗಳನ್ನು ನಮ್ಮ ಕಂಪ್ಯೂಟರಿನಲ್ಲೇ ಚಿತ್ರದೊಳಗೆ ಅಚ್ಚೊತ್ತಿ, ಆಮೇಲೆ ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಿಂದ ಚಿತ್ರಮಂದಿರಕ್ಕೆ ಬೇಕಾದ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಪ್ರತಿಯನ್ನು ಸಿದ್ಧಪಡಿಸುತ್ತೇವೆ. ಸೆಕೆಂಡಿಗೆ 25 ಫ್ರೇಮಿನಲ್ಲಿರುವ ಚಿತ್ರವನ್ನು 24ಕ್ಕೆ ಇಳಿಸಿದರೆ ಒಂದು ಗಂಟೆಯದು ಎರಡೂವರೆ ನಿಮಿಷ ಹಿಗ್ಗುತ್ತದೆ ಎಂಬುದನ್ನು, ಅಕ್ಷರ ಮತ್ತು ಮಾತು ಬೇರೆಯಾಗಿ ಹೋದ ಒಂದು ಪ್ರದರ್ಶನದಿಂದ ಕಲಿತೆವು.

ಐದಾರು ವಾರಗಳಲ್ಲಿ 60 ಜನ ಬರತೊಡಗಿದರು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸಂಖ್ಯೆ ಇಳಿಯುತ್ತದೆ, ಅದಕ್ಕೆ ಉಪಾಯವಿಲ್ಲ.

ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ. ಮೊದಮೊದಲು ಅತಿಥಿ ಭಾಷಣಕಾರರನ್ನು ಕರೆಯುತ್ತಿದ್ದೆವು; ಅವರು ಮುಗಿಸುವಷ್ಟರಲ್ಲಿ ಉಳಿದವರು ಎದ್ದಿರುತ್ತಿದ್ದರು. ಈಗ ಮೈಕು ಮೊದಲು ಪ್ರೇಕ್ಷಕರಿಗೇ. ದೂರದ ರಾಜ್ಯವೊಂದರ ಅಣೆಕಟ್ಟಿನ ಕುರಿತ ಚಿತ್ರಕ್ಕೆ ನಾನು ಉದ್ದಕ್ಕೂ 'ಸ್ಥಳಾಂತರಿತರು' ಎಂದು ಬರೆದಿದ್ದೆ. ಗೊರೂರಿನ ಹೇಮಾವತಿ ಜಲಾಶಯಕ್ಕೆ ಮನೆ, ಹೊಲ ಕಳೆದುಕೊಂಡ ಕುಟುಂಬದ ಹಿರಿಯರೊಬ್ಬರು ಮೈಕು ಹಿಡಿದು, "ನಮ್ಮನ್ನ ಯಾರೂ ಹಂಗೆ ಕರೆಯೋದಿಲ್ಲ ಸ್ವಾಮಿ, ಮುಳುಗಡೆಯೋರು ಅಂತಾರೆ" ಎಂದರು. ಆ ರಾತ್ರಿಯೇ ಕುಳಿತು ಪದವನ್ನು ಎಲ್ಲ ಕಡೆಯೂ ಬದಲಿಸಿ, ಮುಂದಿನ ಭಾನುವಾರ ಅದೇ ಚಿತ್ರವನ್ನು ಮತ್ತೆ ಹಾಕಿದೆವು. ಅವರು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದರು.