ಮಧುಮೇಹಿಗಳ ಮೂತ್ರಪಿಂಡ: ಜೀವಕೋಶಗಳ ದಣಿವನ್ನು ಮೊದಲೇ ಪತ್ತೆಹಚ್ಚುವ ಬಗೆ

ಮಧುಮೇಹದಿಂದ ಹಾಳಾಗುವ ಮೂತ್ರಪಿಂಡ ನೋಯುವುದಿಲ್ಲ; ಕಾಲು ಊದಿಕೊಳ್ಳುವ ಹೊತ್ತಿಗೆ ಹಾನಿ ಬಹಳ ದೂರ ಸಾಗಿರುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಮೂತ್ರಕ್ಕೆ ಸೋರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಅಳೆಯುವ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನೂ ರಕ್ತಪರೀಕ್ಷೆಯಿಂದ ಮೂತ್ರಪಿಂಡ ಸೋಸುವ ವೇಗದ ಅಂದಾಜಾದ ಇಜಿಎಫ್‌ಆರ್ ಅನ್ನೂ ನೋಡಿಸಬೇಕು. ಟೈಪ್ 2 ಇರುವವರು ಕಾಯಿಲೆ ಪತ್ತೆಯಾದಾಗಲೇ, ಟೈಪ್ 1 ಇರುವವರು 5 ವರ್ಷಗಳ ನಂತರ ಇದನ್ನು ಆರಂಭಿಸಬೇಕು. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವೊಂದನ್ನೇ ನೋಡಿ ‘ನಾರ್ಮಲ್’ ಎಂದು ನೆಮ್ಮದಿಪಡುವವರೇ ಹೆಚ್ಚು. ಆದರೆ ಆಲ್ಬುಮಿನ್ ಸೋರಿಕೆ ಅದಕ್ಕಿಂತ ವರ್ಷಗಳ ಮೊದಲೇ ಶುರುವಾಗಿರಬಹುದು. ಅನುಪಾತ 30 ಮಿ.ಗ್ರಾಂ/ಗ್ರಾಂ ದಾಟಿದ ಕೂಡಲೇ ಗಾಬರಿಯಾಗಬೇಕಿಲ್ಲ. ಜ್ವರ, ಮೂತ್ರದ ಸೋಂಕು, ಕಠಿಣ ವ್ಯಾಯಾಮಗಳೂ ಅದನ್ನು ಏರಿಸುವುದರಿಂದ, 3ರಿಂದ 6 ತಿಂಗಳೊಳಗಿನ ಮೂರು ಪರೀಕ್ಷೆಗಳಲ್ಲಿ ಎರಡಾದರೂ ಹೆಚ್ಚಿದ್ದರೆ ಮಾತ್ರ ಸೋರಿಕೆ ನಿಜವೆಂದು ತಿಳಿಯಬೇಕು.

ಸೋಸಿಹೋದ ಸಕ್ಕರೆಯ ಸುಮಾರು ಶೇ. 90ರಷ್ಟನ್ನು ಮೂತ್ರಪಿಂಡದ ನಾಳದ ಮೊದಲ ಭಾಗದ ಕೋಶಗಳು ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನಿನ ಮೂಲಕ ಮರಳಿ ಹೀರಿಕೊಳ್ಳುತ್ತವೆ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಈ ದುಡಿಮೆ ಹೆಚ್ಚಿ, ಆಮ್ಲಜನಕ ಸಾಲದಾಗಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಆ ಕೋಶವನ್ನೇ ಸುಡುವಂಥ ವಿಷಕಣಗಳನ್ನು ಹೊಮ್ಮಿಸುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಜರಡಿಯನ್ನು ಹಿಡಿದಿರುವ ಪೋಡೋಸೈಟ್ ಕೋಶಗಳು ಒಮ್ಮೆ ಸತ್ತರೆ ಆ ಜಾಗಕ್ಕೆ ಹೊಸವು ಬರುವುದು ತೀರ ಅಪರೂಪ. ಹಾಗಾದರೆ ಇಂಥ ವಿಷಕಣಗಳನ್ನು ತಣಿಸುವ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತಲ್ಲ ಎನ್ನುವಷ್ಟು ಇದು ಸರಳವಲ್ಲ: ಕೋಶದ ಸ್ವರಕ್ಷಣೆಯನ್ನು ಎಚ್ಚರಿಸುವ ಬಾರ್ಡೊಕ್ಸೊಲೋನ್ ಔಷಧದ ದೊಡ್ಡ ಪ್ರಯೋಗವೊಂದನ್ನು, ಹೃದಯ ವೈಫಲ್ಯ ಹೆಚ್ಚಿದ ಕಾರಣ, 2012ರಲ್ಲಿ ನಿಲ್ಲಿಸಬೇಕಾಯಿತು.

ಫಲ ಕೊಟ್ಟಿರುವುದು ಕೋಶದ ಹೊರೆಯನ್ನೇ ಇಳಿಸುವ ಮದ್ದುಗಳು. ಲೋಸಾರ್ಟಾನ್‌ನಂಥ ರಕ್ತದೊತ್ತಡದ ಮದ್ದುಗಳು ಜರಡಿಯೊಳಗಿನ ಒತ್ತಡವನ್ನು ತಗ್ಗಿಸುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಎಸ್‌ಜಿಎಲ್‌ಟಿ2 ಅನ್ನು ತಡೆಯುತ್ತವೆ. ಫಿನೆರೆನೋನ್ ಉರಿಯೂತವನ್ನೂ ಅಂಗಾಂಶ ಕಲೆಗಟ್ಟಿ ಗಡುಸಾಗುವುದನ್ನೂ ಕುಗ್ಗಿಸುತ್ತದೆ. ಸೆಮಾಗ್ಲುಟೈಡ್‌ನ ಪ್ರಯೋಜನ 2024ರಲ್ಲಿ ದೃಢಪಟ್ಟಿತು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ರೋಗಿ ನೆನಪಿಡಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ಮೊದಲ ಎರಡು ಬಗೆಯ ಮದ್ದು ಶುರುಮಾಡಿದ ಕೆಲವೇ ವಾರಗಳಲ್ಲಿ ಇಜಿಎಫ್‌ಆರ್ ತುಸು ಇಳಿಯುವುದು ನಿರೀಕ್ಷಿತವೇ. ಒತ್ತಡ ಇಳಿದುದರ ಗುರುತಾದ ಇದನ್ನು ಹಾನಿಯೆಂದು ತಿಳಿದು ತಾವಾಗಿಯೇ ಮಾತ್ರೆ ಬಿಡುವವರು ಉಪಯೋಗವನ್ನೇ ಕಳೆದುಕೊಳ್ಳುತ್ತಾರೆ. ಇಳಿಕೆ ಶೇ. 30 ಮೀರಿದರೆ ಮಾತ್ರ ಕಾರಣ ಹುಡುಕಬೇಕಾಗುತ್ತದೆ.

ವಾಂತಿಭೇದಿಯಾದಾಗ ಅಥವಾ ಉಪವಾಸದ ದಿನಗಳಲ್ಲಿ ಗ್ಲಿಫ್ಲೋಜಿನ್ (ಎಸ್‌ಜಿಎಲ್‌ಟಿ2 ತಡೆಯುವ) ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮುಂಚೆ ಅವನ್ನು ನಿಲ್ಲಿಸುವುದು ವಾಡಿಕೆ. ಲೋಸಾರ್ಟಾನ್, ಫಿನೆರೆನೋನ್ ಸೇವಿಸುವವರು ರಕ್ತದ ಪೊಟ್ಯಾಸಿಯಂ ಪರೀಕ್ಷಿಸಿಕೊಳ್ಳುತ್ತಿರಬೇಕು; ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಮತ್ತು ‘ಲೋ ಸೋಡಿಯಂ’ ಉಪ್ಪು ಇವರಿಗೆ ನಿರಪಾಯವಲ್ಲ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್ ಕೂಡ ಅಷ್ಟೇ ಅಪಾಯಕಾರಿ.