‘ಓಲ್ಡ್’ ಪದಕ್ಕೆ ಎಷ್ಟು ವಿರುದ್ಧ ಪದಗಳು?

ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು ಮೊದಲ ಕೆಲವು ವರ್ಷ ಎಲ್ಲರಂತೆ ಪದವನ್ನೂ ಅದರ ಕನ್ನಡ ಅರ್ಥವನ್ನೂ ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ವಿರುದ್ಧ ಪದಗಳಿಗೆ ಪರೀಕ್ಷೆಯ ದೃಷ್ಟಿಯಿಂದ ಬೇರೆಯೇ ಪಟ್ಟಿ ಇತ್ತು; ಅದರಲ್ಲಿ ‘ಓಲ್ಡ್’ ಎದುರಿಗೆ ‘ನ್ಯೂ’ ಎಂದಿತ್ತು. ಆ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯವರ ಬಗ್ಗೆ ಬರೆಯುವಾಗ ಅಜ್ಜಿಯನ್ನು ‘ಓಲ್ಡ್’ ಎಂದೂ ಪುಟ್ಟ ತಂಗಿಯನ್ನು ‘ನ್ಯೂ’ ಎಂದೂ ಬರೆದಳು. ತಪ್ಪು ಅವಳದಾಗಿರಲಿಲ್ಲ, ನನ್ನ ಪಟ್ಟಿಯದಾಗಿತ್ತು.

ಮರುದಿನ ಇಂಗ್ಲಿಷನ್ನು ಬದಿಗಿಟ್ಟು ‘ಗಟ್ಟಿ’ ಎಂಬ ನಮ್ಮದೇ ಪದದಿಂದ ಪಾಠ ಆರಂಭಿಸಿದೆ. ಗಟ್ಟಿ ನೆಲಕ್ಕೆ ವಿರುದ್ಧ ಮೆತ್ತನೆಯ ನೆಲ, ಗಟ್ಟಿ ಸಾರಿಗೆ ತಿಳಿ ಸಾರು, ಗಟ್ಟಿ ದನಿಗೆ ಮೆಲುದನಿ ಎಂದು ಮಕ್ಕಳೇ ಹೇಳಿದರು. ಪದ ಒಂದೇ ಇದ್ದರೂ ಅದು ಯಾವುದರ ಜೊತೆ ಬರುತ್ತದೆ ಎಂಬುದರ ಮೇಲೆ ಅದರ ವಿರುದ್ಧ ಪದ ಬದಲಾಗುತ್ತದೆ, ವಿರುದ್ಧ ಪದ ಬದಲಾಯಿತೆಂದರೆ ಅರ್ಥವೂ ಬದಲಾಗಿದೆ ಎಂದೇ ತಿಳಿಯಬೇಕು ಎನ್ನುವುದನ್ನು ನಾನು ವಿವರಿಸುವ ಮೊದಲೇ ಅವರು ಹಿಡಿದುಬಿಟ್ಟಿದ್ದರು.

ಅಂದಿನಿಂದ ಯಾವ ಗುಣವಾಚಕವನ್ನೂ ಒಂಟಿಯಾಗಿ ಬರೆಸುವುದನ್ನು ಬಿಟ್ಟೆ. ನೋಟ್ ಪುಸ್ತಕದಲ್ಲಿ ಮೂರು ಕಲಮುಗಳು: ನಾಮಪದದೊಡನೆ ಕೂಡಿದ ಪದ, ಅದೇ ನಾಮಪದದೊಡನೆ ಅದರ ವಿರುದ್ಧ ಪದ, ಕೊನೆಗೆ ಕನ್ನಡ. ‘ಹಾರ್ಡ್ ಬೆಡ್’ ಎದುರಿಗೆ ‘ಸಾಫ್ಟ್ ಬೆಡ್’ ಬಂದರೆ, ‘ಹಾರ್ಡ್ ಕ್ವೆಶ್ಚನ್’ ಎದುರಿಗೆ ‘ಈಸಿ ಕ್ವೆಶ್ಚನ್’ ಬರುತ್ತದೆ. ‘ಲೈಟ್ ಬ್ಯಾಗ್’ ಎಂಬುದಕ್ಕೆ ‘ಹೆವಿ’, ‘ಲೈಟ್ ಬ್ಲೂ’ ಎಂಬುದಕ್ಕೆ ‘ಡಾರ್ಕ್’. ಮಕ್ಕಳು ಅತಿ ಹೆಚ್ಚು ಎಡವುತ್ತಿದ್ದುದು ‘ಶಾರ್ಟ್’ ಪದದಲ್ಲಿ. ಗಿಡ್ಡ ಮನುಷ್ಯನಿಗೂ ತುಂಡು ಹಗ್ಗಕ್ಕೂ ಇಂಗ್ಲಿಷ್ ಇದೊಂದೇ ಪದವನ್ನು ಬಳಸುತ್ತದೆ, ಆದರೆ ಎದುರು ಪಕ್ಷದಲ್ಲಿ ‘ಟಾಲ್’ ಮತ್ತು ‘ಲಾಂಗ್’ ಎಂದು ಎರಡಾಗುತ್ತದೆ. ಎತ್ತರದ ಹುಡುಗನನ್ನು ‘ಲಾಂಗ್ ಬಾಯ್’ ಎನ್ನುವ ತಪ್ಪು ಹುಟ್ಟುವುದು ಇಲ್ಲಿಯೇ.

ವಿರುದ್ಧ ಪದದಿಂದ ಅರ್ಥ ಹೇಳುವುದು ಹೊಸ ಉಪಾಯವೇನಲ್ಲ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನರ ಇಂಗ್ಲಿಷ್ ನಿಘಂಟಿನಲ್ಲಿಯೂ ‘ಲೈಟ್’ ಪದಕ್ಕೆ ಕೊಟ್ಟ ವಿವರಣೆಯಲ್ಲಿ ‘ಭಾರವಲ್ಲದ್ದು’ ಎಂಬ ಮಾತಿದೆ, ‘ಓಲ್ಡ್’ ಪದಕ್ಕೆ ‘ಎಳೆಯದಲ್ಲದ್ದು’ ಎಂದಿದೆ.

ಈ ಕ್ರಮಕ್ಕೂ ಮಿತಿಗಳಿದ್ದವು. ಬದುಕಿದೆ ಅಥವಾ ಸತ್ತಿದೆ ಎಂಬಲ್ಲಿ ಒಂದನ್ನು ಅಲ್ಲಗಳೆದರೆ ಇನ್ನೊಂದು ತಾನಾಗಿಯೇ ಸಿದ್ಧವಾಗುತ್ತದೆ. ‘ನಾಟ್ ಹಾಟ್’ ಎಂದ ಮಾತ್ರಕ್ಕೆ ‘ಕೋಲ್ಡ್’ ಆಗುವುದಿಲ್ಲ. ನಡುವೆ ‘ವಾರ್ಮ್’ ಮತ್ತು ‘ಕೂಲ್’ ಇವೆಯೆಂದು ತೋರಿಸಲು ಒಂದು ಗೆರೆ ಎಳೆದು ನಾಲ್ಕನ್ನೂ ಸಾಲಾಗಿ ಬರೆಸಿದೆ. ಚಟ್ನಿ ‘ಹಾಟ್’ ಎಂದಾಗ ಮಾತ್ರ ಈ ಗೆರೆ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅಲ್ಲಿನ ಅರ್ಥ ಖಾರ, ವಿರುದ್ಧ ಪದ ‘ಮೈಲ್ಡ್’. ಬಿಸಿಗೂ ಖಾರಕ್ಕೂ ಬೇರೆಬೇರೆ ಪದಗಳಿರುವ ಕನ್ನಡವೇ ಈ ವಿಷಯದಲ್ಲಿ ಮೇಲು ಎಂದು ನನ್ನ ಅನಿಸಿಕೆ.

‘ಲೆಂಡ್’ ಮತ್ತು ‘ಬಾರೋ’ ಪದಗಳಿಗೆ ಹೆಚ್ಚು ಸಮಯ ಬೇಕಾಯಿತು. ನಾವು ಸಾಲ ಕೊಡುತ್ತೇವೆ, ಸಾಲ ತೆಗೆದುಕೊಳ್ಳುತ್ತೇವೆ. ಎರಡರಲ್ಲೂ ಇರುವುದು ಸಾಲವೇ. ಇಂಗ್ಲಿಷಿನಲ್ಲಿ ಕೊಡುವವನ ಕ್ರಿಯಾಪದ ಬೇರೆ, ಪಡೆಯುವವನದು ಬೇರೆ. ಇಬ್ಬರು ವಿದ್ಯಾರ್ಥಿಗಳನ್ನು ಎದುರುಬದುರು ನಿಲ್ಲಿಸಿ, ಒಂದೇ ಪೆನ್ನನ್ನು ಕೊಡಿಸಿ ಪಡೆಯಿಸಿ, ಒಂದೇ ಘಟನೆಯನ್ನು ಇಬ್ಬರಿಂದಲೂ ಹೇಳಿಸಿದ ಮೇಲೆ ಗೊಂದಲ ಕಡಿಮೆಯಾಯಿತು.

ಉಪಸರ್ಗಗಳ ಪಾಠ ಸುಲಭವಾಗಿಯೇ ಸಾಗಿತು. ನ್ಯಾಯ–ಅನ್ಯಾಯ ಬಲ್ಲವರಿಗೆ ‘ಹ್ಯಾಪಿ–ಅನ್‌ಹ್ಯಾಪಿ’ ಅಪರಿಚಿತವಲ್ಲ, ‘ಪಾಸಿಬಲ್–ಇಂಪಾಸಿಬಲ್’ ಕೂಡ ಬೇಗ ಬಂತು. ಆದರೆ ಅದೇ ಉತ್ಸಾಹದಲ್ಲಿ ಒಬ್ಬನು ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದು ಎಂದು ಬರೆದ. ಅದರ ಅರ್ಥ ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು. ‘ಫ್ಲ್ಯಾಮಬಲ್’, ‘ಇನ್‌ಫ್ಲ್ಯಾಮಬಲ್’ ಎರಡೂ ಬೆಂಕಿ ಹೊತ್ತಿಕೊಳ್ಳುವ ವಸ್ತುವನ್ನೇ ಹೇಳುತ್ತವೆ. ಇಂಥ ಪದಗಳಿಗಾಗಿ ನೋಟ್ ಪುಸ್ತಕದ ಕೊನೆಯ ಎರಡು ಪುಟಗಳನ್ನು ಈಗ ವರ್ಷದ ಆರಂಭದಲ್ಲಿಯೇ ಖಾಲಿ ಬಿಡಿಸುತ್ತೇನೆ.